ಆರೋಗ್ಯವಂತರ ಬೆಂಚು

ನಮ್ಮ ಕಡೆಯ ಜನರಿಗೆ ರೋಗವೆಂದರೆ ಅಷ್ಟು ಭಯವಿಲ್ಲ. ಅವರು ನಡುಗುವುದು ಆರೋಗ್ಯಕ್ಕೆ. ಈ ಮಾತನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ, ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಸಿಟ್ಟೂ ಇದೆ, ಅದು ಬೇರೆ ಮಾತು.

ನನ್ನ ಗಂಡನ ಹೃದಯ ಸೋತಿದೆ. ನಿಂತಿಲ್ಲ, ಸೋತಿದೆ, ರಕ್ತವನ್ನು ಮೊದಲಿನ ಹಾಗೆ ನೂಕಲಾರದು. ಅದಕ್ಕೇ ಕಾಲು ಬಾತುಕೊಳ್ಳುತ್ತವೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಿಂದ ತಿಂಗಳಿಗೊಮ್ಮೆ ಅವರನ್ನು ಆಟೋದಲ್ಲಿ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗುವುದು, ಉಪ್ಪಿನಕಾಯಿ ಮುಟ್ಟೇ ಇಲ್ಲ ಎಂದು ಅವರು ಡಾಕ್ಟರ ಮುಂದೆ ಸುಳ್ಳು ಹೇಳುವಾಗ ಪಕ್ಕದಲ್ಲಿ ನಿಂತು ಹಲ್ಲು ಕಡಿಯುವುದು, ಇಷ್ಟು ನನ್ನ ನಿವೃತ್ತಿಯ ಬದುಕು. ನಾನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಊರ ಮಕ್ಕಳಿಗೆಲ್ಲ ರಕ್ತ ಪರಿಚಲನೆ ಹೇಳಿಕೊಟ್ಟೆ. ಮನೆಯವರಿಗೆ ಒಬ್ಬರಿಗೂ ಅದು ತಲೆಗೆ ಹೋಗಲಿಲ್ಲ.

ಆ ದವಾಖಾನೆಗೆ ಮೈಸೂರಿನ ಕಡೆಯ ಒಬ್ಬ ಎಳೆಯ ಡಾಕ್ಟರು ಬಂದಿದ್ದ. ಅವನ ಓದು ಮುಗಿಯಬೇಕಾದರೆ ಒಂದು ಸಂಶೋಧನೆ ಮಾಡಬೇಕಿತ್ತಂತೆ. ಹೃದಯ ಸೋತವರ ರಕ್ತವನ್ನೂ ಅದೇ ವಯಸ್ಸಿನ ಗಟ್ಟಿಮುಟ್ಟಾದವರ ರಕ್ತವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ. ಓಣಿಯಂಥ ಕಾರಿಡಾರಿನಲ್ಲಿ ಎರಡು ಬೆಂಚು ಹಾಕಿಸಿ, ಒಂದರ ಮೇಲಿನ ಗೋಡೆಗೆ 'ಹೃದಯ ವೈಫಲ್ಯದ ರೋಗಿಗಳು' ಎಂದೂ ಇನ್ನೊಂದಕ್ಕೆ 'ಆರೋಗ್ಯವಂತರು' ಎಂದೂ ಚೀಟಿ ಅಂಟಿಸಿದ್ದ.

ರೋಗಿಗಳ ಬೆಂಚಿನ ಮೇಲೆ ಜನ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತಿದ್ದರು. ಮೊಣಕಾಲು ನೋವಿಗೆಂದು ಬಂದವರೂ ಹಲ್ಲು ಕೀಳಿಸಲು ಬಂದವರೂ ಅಲ್ಲೇ ತುರುಕಿಕೊಂಡಿದ್ದರು. ಆರೋಗ್ಯವಂತರ ಬೆಂಚಿನ ಮೇಲೆ ಯಾರದೋ ರೊಟ್ಟಿಯ ಗಂಟು ಒಂದೇ ಕೂತಿತ್ತು.

ಕೂಡುವವರಾದರೂ ಯಾರು? ನಮ್ಮಲ್ಲಿ ಯಾರನ್ನಾದರೂ "ಹ್ಯಾಂಗಿದ್ದೀರಿ" ಎಂದು ಕೇಳಿ ನೋಡಿ. "ಛಲೋ ಇದ್ದೇನಿ" ಎಂದು ಒಬ್ಬನೂ ಹೇಳುವುದಿಲ್ಲ. "ನಡದದ ನೋಡ್ರಿ ಹೀಂಗೇ" ಎನ್ನುತ್ತಾರೆ, ಮುಖವನ್ನು ಒಂದಿಷ್ಟು ಬಾಡಿಸಿಕೊಂಡು. ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟರೆ ಕೆಟ್ಟ ಕಣ್ಣು ಬಿದ್ದು ನಜರ್ ಆಗುತ್ತದೆ, ವಾರದೊಳಗೆ ಹಾಸಿಗೆ ಹಿಡಿಯುತ್ತೇವೆ ಎಂಬ ನಂಬಿಕೆ. ನಮ್ಮದು ಮಿಷನ್ ಕಾಲದ ಮೆಥಡಿಸ್ಟ್ ಮನೆತನ, ನಾವಾದರೂ ಬೇರೆ ಇರಬೇಕಿತ್ತು. ಎಲ್ಲಿಯ ಬೇರೆ! ಭಾನುವಾರ ಚರ್ಚಿನಲ್ಲಿ ಮೊದಲ ಸಾಲು, ಸೋಮವಾರ ಕೂಸಿನ ಕೆನ್ನೆಗೆ ಕರಿ ಬೊಟ್ಟು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಡಾಕ್ಟರು ರೋಗಿಗಳ ಮುಂದೆ ನಿಂತು ತನ್ನ ಕೆಲಸ ಏನೆಂದು ತಿಳಿಸಿ ಹೇಳಲು ನೋಡಿದ. ಪಾಪ, ಒಳ್ಳೆಯ ಹುಡುಗ. ಜಾಣತನ ಇತ್ತು, ಬುದ್ಧಿ ಇರಲಿಲ್ಲ.

"ನೋಡಿ, ನಾವು ಉಸಿರಾಡೋ ಗಾಳಿಯಿಂದ ತಿಂದ ಊಟ ಒಳಗೆ ಉರಿಯುತ್ತೆ. ಉರಿಯುವಾಗ ಕಿಡಿ ಹಾರುತ್ತೆ. ಆ ಕಿಡಿ ಆರಿಸೋ ಶಕ್ತಿ ದೇಹಕ್ಕೇ ಇರುತ್ತೆ. ಹೃದಯ ಸೋತವರಲ್ಲಿ ಕಿಡಿ ಜಾಸ್ತಿ, ಆರಿಸೋ ಶಕ್ತಿ ಕಮ್ಮಿ. ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ. ಒಳಗೊಳಗೇ ತುಕ್ಕು ಹಿಡಿದ ಹಾಗೆ. ನಿಮ್ಮ ಬಿದರಿ ಹೂಜಿ ಕಪ್ಪಾಗುತ್ತಲ್ಲ, ಹಾಗೆ ಅಂದ್ಕೊಳಿ."

ಬೀದರಿನವರ ಮುಂದೆ ಬಿದರಿ ಮಾತು ಎತ್ತಿದರೆ ಕೆಲಸ ಆಯಿತೆಂದು ಹೊರಗಿನಿಂದ ಬಂದವರೆಲ್ಲ ತಿಳಿದಿರುತ್ತಾರೆ. ನೌಬಾದದ ಮುದುಕರೊಬ್ಬರು ಕೈ ಎತ್ತಿದರು.

"ಸಾಹೇಬ್ರ, ಕರ್ರಗಾದ ಮ್ಯಾಲೇ ಅಲ್ರಿ ಬಿದರಿಗಿ ಕಿಮ್ಮತ್ತು ಬರೋದು? ಅಂದ್ರ ನಮ್ಮ ರಕ್ತ ಛಲೋ ಆಗ್ಲತ್ತದ ಅಂತೇನ್ರಿ?"

ಡಾಕ್ಟರು ಸೂಜಿಯ ಡಬ್ಬಿ ತೆರೆದ. ರೋಗಿಗಳೆಲ್ಲ ಸಂತೋಷದಿಂದ ತೋಳು ಮುಂದೆ ಚಾಚಿದರು. ಆರೋಗ್ಯವಂತರ ಬೆಂಚು ಹಾಗೇ ಇತ್ತು. ಅವನು ರೋಗಿಗಳ ಜೊತೆ ಬಂದ ಒಬ್ಬೊಬ್ಬರನ್ನೂ ಗೋಗರೆದ. ಒಬ್ಬನಿಗೆ ಥಟ್ಟನೆ ಕೆಮ್ಮು ಬಂತು, ಒಬ್ಬಳಿಗೆ ಸೊಂಟ ಹಿಡಿಯಿತು. ನನಗೆ ಅಸಹ್ಯ ಅನ್ನಿಸಿತು. ಎದ್ದು ಹೋಗಿ ರೊಟ್ಟಿಯ ಗಂಟನ್ನು ಪಕ್ಕಕ್ಕೆ ಸರಿಸಿ ಆ ಬೆಂಚಿನ ಮೇಲೆ ಕೂತೆ.

ಅಂದು ನಮ್ಮ ಜೊತೆ ನನ್ನ ನಾದಿನಿಯೂ ಇದ್ದಳು. ಗಂಡನ ಅಕ್ಕ, ಭಾಲ್ಕಿಯಲ್ಲಿರುವವಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅವಳ ಪ್ರೀತಿ ವಾರಕ್ಕೊಮ್ಮೆ ಬೀದರಿಗೆ ಬರುತ್ತದೆ. ತಾಯಿ ಸತ್ತ ಮೇಲೆ ತಮ್ಮಂದಿರನ್ನು, ಅದರಲ್ಲೂ ಈ ತಮ್ಮನನ್ನು, ಸೊಂಟದ ಮೇಲೆ ಹೊತ್ತು ಸಾಕಿದೆ ಎಂಬ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಅವಳು ಕೆಮ್ಮಿ ಗಂಟಲು ಸರಿ ಮಾಡಿಕೊಂಡರೆ ಸಾಕು, ಮುಂದಿನದನ್ನು ನಾನೇ ಹೇಳಬಲ್ಲೆ. ಅವಳಿಗೆ ಸಕ್ಕರೆ ಕಾಯಿಲೆ. ಬೆರಳ ತುದಿಗೆ ಸೂಜಿ ಚುಚ್ಚಿದರೆ ಭಾಲ್ಕಿ ಬಸ್ ಸ್ಟ್ಯಾಂಡಿನವರೆಗೂ ಕೇಳುವ ಹಾಗೆ ಕೂಗುತ್ತಾಳೆ.

"ಏ ಟೀಚರಬಾಯಿ, ಏಳು! ಆ ಬೆಂಚಿನ ಮ್ಯಾಲ ಕೂಡಬ್ಯಾಡ, ನಜರ್ ಆಗ್ತದ. ನನ್ನ ತಮ್ಮಗ ನೋಡ್ಕೊಳಾಕಿ ನೀ ಒಬ್ಬಾಕೇ ಇದ್ದಿ."

"ಅಕ್ಕಾ, ನಜರ್ ಸೂಜ್ಯಾಗ ಇರಂಗಿಲ್ರಿ. ಸುಮ್ನ ಕೂಡ್ರಿ."

ನಾನು ತೋಳು ಚಾಚಿ ರಕ್ತ ಕೊಟ್ಟೆ. ನೇರಳೆ ಮುಚ್ಚಳದ ನಳಿಕೆಯೊಂದು, ಹಳದಿ ಮುಚ್ಚಳದ್ದೊಂದು. ಎರಡೂ ಐಸ್ ಡಬ್ಬಿಗೆ ಹೋದವು. ನಾದಿನಿ ಸೂಜಿ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಮುಂದಿನ ತಿಂಗಳು ಹೋದಾಗ ಆ ಡಾಕ್ಟರು ದೂರದಿಂದಲೇ ಓಡಿ ಬಂದ. ಫಲಿತಾಂಶ ಯಾರಿಗೂ ಹೇಳಬೇಕಾದ ಕಟ್ಟಳೆ ಅವನಿಗಿರಲಿಲ್ಲ. ಹೇಳದಿದ್ದರೆ ನಡೆಯುತ್ತಿತ್ತು.

"ಮೇಡಂ, ನಿಮ್ಮ ರಕ್ತ ಎಷ್ಟು ಚೆನ್ನಾಗಿದೆ ಗೊತ್ತಾ! ಹೃದಯಕ್ಕೆ ಭಾರ ಬಿದ್ದರೆ ಅದು ರಕ್ತಕ್ಕೆ ಒಂದು ವಸ್ತು ಬಿಡುತ್ತೆ, ನಿಮ್ಮಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು. ಕಿಡಿ ಆರಿಸೋ ಶಕ್ತಿಯಂತೂ ಚಿಕ್ಕ ಹುಡುಗೀರ ಥರ ಇದೆ!" ಆಮೇಲೆ ನನ್ನ ಗಂಡನ ಕಡೆ ನೋಡಿ, "ಸಾರ್‌ದು... ಇರಲಿ ಬಿಡಿ, ಅದು ಹಾಗೇ ಬರೋದು" ಎಂದ.

ಇಡೀ ಕಾರಿಡಾರು ನನ್ನನ್ನು ನೋಡಿತು. ಕಳ್ಳಿಯನ್ನು ನೋಡುವ ಹಾಗೆ ನೋಡಿತು.

ಮನೆಯ ಗೇಟಿನ ಹತ್ತಿರ ಆಟೋದಿಂದ ಇಳಿಯುವಾಗ ಗಂಡ, "ನಿಂದು ಛಲೋ ಬಂತಲ್ಲ" ಎಂದರು. ಪಕ್ಕದ ಹೊಲದವನ ತೊಗರಿ ಚೆನ್ನಾಗಿ ಬಂದಾಗ ನಮ್ಮವರು ಹೇಳುತ್ತಾರಲ್ಲ, ಅದೇ ಧ್ವನಿ.

ಸುದ್ದಿ ಅಂದೇ ಭಾಲ್ಕಿ ಮುಟ್ಟಿತು. ಮರುದಿನ ನಾದಿನಿ ಚೀಲ ಹಿಡಿದು ಬಂದಳು. ಬಂದವಳು ತಮ್ಮನ ಹತ್ತಿರ ಹೋಗದೆ ನೇರ ನನ್ನ ಅಡುಗೆಮನೆಗೆ ನುಗ್ಗಿದಳು. ಗಾಂಧಿ ಗಂಜ್ ಮಾರ್ಕೆಟ್ಟಿನಿಂದ ತಂದ ಬೇಳೆಯ ಡಬ್ಬಿ ತೆರೆದು ಮೂಸಿದಳು, ಫ್ರಿಜ್ ತೆರೆದು ಬಗ್ಗಿ ನೋಡಿದಳು.

"ನಾ ಕಳಿಸಿದ ದಾಳಿಂಬ್ರಿ ಯಾರು ತಿಂದ್ರು?"

"ನಿಮ್ಮ ತಮ್ಮನೇ ತಿಂದಾರ್ರಿ."

"ಹಂಗಿದ್ರ ಗಂಡಂದು ತುಕ್ಕು ಹಿಡದದ, ಹೆಂಡ್ತಿದು ಮಿಂಚ್ಲತ್ತದ! ಒಂದೇ ಗಡಗ್ಯಾಗಿನ ಬ್ಯಾಳಿ ಉಂಡೋರಿಗಿ ಇದು ಹ್ಯಾಂಗಾಯ್ತು, ನಂಗ ಹೇಳು."

ಹೇಳಿದೆ. ಹೃದಯ ಸೋತದ್ದು ಹಳೆಯ ಬಿ.ಪಿ.ಯಿಂದ, ಬೀಡಿಯಿಂದ, ಗುಳಿಗೆ ತಪ್ಪಿಸಿದ್ದರಿಂದ. ದಾಳಿಂಬೆಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಗಂಡ ಹೊರಗೆ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರುತ್ತಿತ್ತೇನೋ!

ಇದಕ್ಕೆ ಕಳಶ ಇಟ್ಟವನು ಮೈದುನ. ಗಂಡನ ತಮ್ಮ, ಔರಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಲೋಕದ ಎಲ್ಲ ಸಮಸ್ಯೆಗೂ ಅವನ ಅಂಗಡಿಯ ಕಪಾಟಿನಲ್ಲಿ ಉತ್ತರವಿರುತ್ತದೆ. ಅತ್ತಿಗೆಗೆ ಬುದ್ಧಿ ಹೇಳಲು ಫೋನು ಮಾಡಿದ.

"ವೈನಿ, ನೀವು ಕಲ್ತವ್ರು, ನಿಮಗ ನಾ ಏನ್ ಹೇಳ್ಲಿ. ಇಂಜಿನ್ ಎಣ್ಣಿ ಕರ್ರಗಾದ್ರ ನಾವು ಏನ್ ಮಾಡ್ತೇವ್ರಿ? ಹೊಸಾದು ಹಾಕ್ತೇವಿಲ್ಲ? ಅಣ್ಣಂದೂ ನಿಮ್ಮದೂ ರಕ್ತದ ಗ್ರೂಪ್ ಒಂದೇ ಅದ. ನಿಮ್ಮದು ಎರಡು ಬಾಟ್ಲಿ ಅಣ್ಣಗ ಏರಿಸಿದ್ರ ಆಯ್ತಲ್ರಿ, ಖತಂ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇವನು ಅಂಥವನು. ಆದರೆ ನಾನು ನಕ್ಕು ಫೋನು ಇಡುವಷ್ಟರಲ್ಲಿ ಇವನ ಮಾತು ಇಡೀ ಮನೆತನದ ಮಾತಾಗಿತ್ತು. ನಾದಿನಿ ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಹಾಕಿದಳು. ಹಿಂದಿನ ಕಾಲದ ಹೆಂಡಂದಿರು ಗಂಡನಿಗೆ ಜೀವ ಕೊಡುತ್ತಿದ್ದರಂತೆ, ಈಗಿನವರಿಗೆ ಎರಡು ಬಾಟ್ಲಿಯೂ ಭಾರವಂತೆ.

ನಾನು ಡಾಕ್ಟರಿಗೆ ಫೋನು ಹಚ್ಚಿ, ಗಂಡನಿಗೂ ಕೇಳುವ ಹಾಗೆ ಸ್ಪೀಕರಿನಲ್ಲಿ ಇಟ್ಟೆ. ಅವನು ಹೌಹಾರಿದ.

"ಅಯ್ಯೋ ಬೇಡ ಮೇಡಂ! ಅವರ ಹೃದಯಕ್ಕೆ ಈಗಿರೋದನ್ನೇ ನೂಕೋಕೆ ಆಗ್ತಿಲ್ಲ. ಮೇಲಿಂದ ರಕ್ತ ಆಗಲಿ, ಗ್ಲೂಕೋಸ್ ಆಗಲಿ ಏರಿಸಿದರೆ ನೀರು ಶ್ವಾಸಕೋಶದಲ್ಲಿ ನಿಲ್ಲುತ್ತೆ, ಉಸಿರು ಕಟ್ಟುತ್ತೆ. ಜೀವಕ್ಕೇ ಅಪಾಯ."

ಹುಳಿ ಅಂಟಿದ ಪಾತ್ರೆಗೆ ಹೊಸ ಹಾಲು ಸುರಿದರೂ ಅದು ಒಡೆಯುತ್ತದೆ, ತುಕ್ಕು ಹಿಡಿಸುವ ಕಾರಣ ಒಳಗೇ ಇರುವಾಗ ನನ್ನ ರಕ್ತ ಅಲ್ಲಿ ಹೋಗಿ ಏನು ಮಾಡೀತು ಎಂದು ನಾನೂ ಬಿಡಿಸಿ ಹೇಳಿದೆ. ಗಂಡ ತಲೆ ಅಲ್ಲಾಡಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಕೆಲವು ದಿನ ಬಿಟ್ಟು ಮೈದುನ ಕಾರು ತಂದು, "ಅಣ್ಣ ಜರಾ ಔರಾದಿಗಿ ಬರ್ಲಿ ವೈನಿ, ಹವಾ ಬದಲಾಗ್ತದ" ಎಂದ. ನನಗೂ ನಾಲ್ಕು ದಿನ ಉಸಿರಾಡಲು ಬಿಡುವು ಸಿಕ್ಕಿತೆಂದು ಗುಳಿಗೆಗಳನ್ನು ಹೊತ್ತಿನ ಪ್ರಕಾರ ಪೊಟ್ಟಣ ಕಟ್ಟಿ ಕಳಿಸಿಕೊಟ್ಟೆ. ಒಂದು ಬೆಳಗ್ಗೆ ನಾನು ರೊಟ್ಟಿ ಬಡಿಯುವಾಗ ಫೋನು ಬಂತು.

"ವೈನಿ, ಬಂದುಬಿಡ್ರಿ. ಇಲ್ಲೊಬ್ಬ ಡಾಕ್ಟರು ಹೂಂ ಅಂದಾರ. ಅಕ್ಕನೂ ಭಾಲ್ಕಿಲಿಂದ ಬಂದಾಳ. ಮೊದಲು ಒಂದು ಗ್ಲೂಕೋಸ್ ಬಾಟ್ಲಿ ಏರಸ್ತಾರಂತ್ರಿ, ನಾಡಿ ಸಾಫ್ ಆಗ್ಲಿ ಅಂತ. ಆಮ್ಯಾಲ ನಿಮ್ದು."

ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಬೈದರೆ ಹಟಕ್ಕೆ ಬಿದ್ದು ಏರಿಸಿಯೇ ಬಿಡುತ್ತಾರೆ, ನನಗೆ ಈ ಮನೆತನ ಗೊತ್ತು. ಧ್ವನಿ ತಗ್ಗಿಸಿ ಹೇಳಿದೆ: "ಬರ್ತೇನಿ, ರಕ್ತ ಕೊಡ್ತೇನಿ. ಆದ್ರ ನಾ ಬರೋತನಾ ಒಂದು ಹನಿನೂ ಬಿಡಬ್ಯಾಡ್ರಿ. ಬಿಟ್ರ ನಾ ಕೊಡಂಗಿಲ್ಲ."

ಔರಾದಿನ ಬಸ್ಸು ಅಂದಿನಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ. ದಾರಿಯುದ್ದಕ್ಕೂ ಅವರನ್ನು ಶಪಿಸಿದೆ, ಮಧ್ಯೆ ಮಧ್ಯೆ ದೇವರನ್ನು ಬೇಡಿಕೊಂಡೆ. ಹೆದರಿದ್ದೆ. ಬಾಟಲಿಯ ಹನಿಯೊಂದೇ ಕಣ್ಣಿಗೆ ಕಾಣುತ್ತಿತ್ತು.

ಮೈದುನ ಹೇಳಿದ ಆ ಡಾಕ್ಟರದು ಒಂದೇ ಕೋಣೆಯ ದವಾಖಾನೆ. ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಅವನು ಡಾಕ್ಟರು ಎನ್ನುವ ಯಾವ ಕಾಗದವೂ ಇರಲಿಲ್ಲ. ಕಿಟಕಿಯ ಸರಳಿಗೆ ಬಾಟಲಿ ತೂಗುಬಿಟ್ಟಿತ್ತು. ಕೆಳಗೆ ಮಂಚದ ಮೇಲೆ ನನ್ನ ಗಂಡ, ಅಂಗಿಯ ತೋಳು ಮಡಚಿಕೊಂಡು, ಬಲಿಗೆ ತಂದ ಹೋತದ ಹಾಗೆ ಮಲಗಿದ್ದರು. ಸದ್ಯ, ಸೂಜಿ ಇನ್ನೂ ಚುಚ್ಚಿರಲಿಲ್ಲ. ನಾನು ಮೊದಲು ಬಾಟಲಿ ಇಳಿಸಿ ಮೂಲೆಯಲ್ಲಿಟ್ಟೆ.

"ಏಳ್ರಿ. ಡಾಕ್ಟರು ಫೋನ್‌ನ್ಯಾಗ ಹೇಳಿದ್ದು ನಿಮ್ಮ ಕಿವಿಗಿ ಬಿದ್ದಿಲ್ಲೇನು? ಇದು ಏರಿದ್ರ ನೀವು ಒಳಗೇ ಮುಳಗ್ತೀರಿ."

ಅವರು ಏಳಲಿಲ್ಲ. ಗೋಡೆ ನೋಡುತ್ತ ಅಂದರು: "ನೀ ಒಂದು ಬಾಟ್ಲಿ ಕೊಟ್ರ ಏನಾಗ್ತದ? ಮಲಗಿದ್ರ ಉಸ್ರು ನಿಂತಂಗಾಗ್ತದ. ನಂಗ ಹೆದರಿಕಿ ಆಗ್ತದ. ಒಮ್ಮಿ ನೋಡಾಮು."

ಎಲ್ಲ ತಿಳಿದೂ ಹೀಗೆ ಕೇಳಿದರು. ಅವರ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು, ಅಲ್ಲೇ ಕೂತು ಅಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

"ಕೇಳಿದೇನು?" ಎಂದಳು ನಾದಿನಿ. "ಅವನ ಬಾಯಿಂದನೇ ಬಂತು. ಈಗರ ಕೊಡು."

ಆಗ ನನಗೆ ಬೀದರಿನ ದವಾಖಾನೆಯ ಎರಡು ಬೆಂಚುಗಳು ನೆನಪಾದವು. ಕೆಮ್ಮು ಬಂದವನು, ಸೊಂಟ ಹಿಡಿದವಳು ನೆನಪಾದರು. ಇವರನ್ನು ಹೊಡೆಯಲು ಅದಕ್ಕಿಂತ ಒಳ್ಳೆಯ ಕೋಲು ಯಾಕೆ ಬೇಕು?

"ಕೊಡ್ತೇನಿ," ಎಂದೆ. "ಆದ್ರ ನಾ ಹೊರಗಿನಾಕಿ ಅಲ್ರಿ? ಒಂದೇ ಹೊಟ್ಟ್ಯಾಗ ಹುಟ್ಟಿದವರು ಇಬ್ಬರು ಇಲ್ಲೇ ನಿಂತೀರಿ. ಮೊದಲು ನೀವು ಕೊಡ್ರಿ, ಆಮ್ಯಾಲ ನಾ."

ಮೈದುನನ ಮುಖ ನೋಡಬೇಕಿತ್ತು. ಗೋಣಿಚೀಲ ಒಂದೇ ಕೈಯಲ್ಲಿ ಎತ್ತುವ ಆಳು!

"ನಂಗ ಬಿ.ಪಿ. ಅದ್ರಿ ವೈನಿ. ಮತ್ತ ಅಂಗಡಿ ಖುಲ್ಲಾ ಬಿಟ್ಟು ಬಂದೀನಿ, ಜರಾ ನೋಡಿ ಬರ್ತೇನಿ" ಎಂದು ಚಪ್ಪಲಿ ಹುಡುಕತೊಡಗಿದ.

ನನಗೆ ನಗು ಬಂತು. ನಿಜ ಹೇಳಬೇಕೆಂದರೆ ರುಚಿಯೇ ಅನ್ನಿಸಿತು. ನಾದಿನಿಯ ಕಡೆ ತಿರುಗಿದೆ. "ನೀವು ಹೇಳ್ರಿ ಅಕ್ಕಾ. ಸಕ್ಕರಿ ಅದ, ಸೂಜಿ ಅಂದ್ರ ಅಂಜಿಕಿ ಅದ. ಏನ್ ಹೇಳ್ತೀರಿ?"

ಅವಳು ಸ್ಟೂಲು ಎಳೆದು ಮಂಚದ ಪಕ್ಕ ಕೂತಳು. ಕುಪ್ಪಸದ ತೋಳನ್ನು ಮೇಲಕ್ಕೆ ತಳ್ಳಿ, ಒಣ ಕಟ್ಟಿಗೆಯಂಥ ಕೈಯನ್ನು ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ತಗೋರಿ," ಎಂದಳು. "ಸಕ್ಕರಿ ರಕ್ತ ಹೊಲಸ, ಹೊಲಸ ರಕ್ತ ತಮ್ಮಗ ಹ್ಯಾಂಗ ಕೊಡ್ಲಿ ಅಂತ ನಾ ಸುಮ್ನಿದ್ದೆ. ಅದಕ್ಕೇ ಇಕಿಗಿ ಕಾಡಿದೆ. ನಂದು ನಡೀತದಂದ್ರ ಎಷ್ಟು ಬೇಕು ಅಷ್ಟು ತಗೋರಿ."

ಆ ಕಿಡಿಗೇಡಿ ಡಾಕ್ಟರು ನಿಜವಾಗಿಯೂ ಸಿರಿಂಜು ಹಿಡಿದು ಮುಂದೆ ಬಂದ. ನಾನು ತಡೆಯಲು ಕೈ ಎತ್ತುವ ಮೊದಲೇ ಮಂಚ ಕಿರ್ ಎಂದಿತು. ಗಂಡ ಎದ್ದು ಕೂತಿದ್ದರು. ಏದುಸಿರು ಬಿಡುತ್ತ ಅಕ್ಕನ ಆ ಕೈಯನ್ನೇ ನೋಡುತ್ತಿದ್ದರು.

"ಅಕ್ಕಾ, ಬ್ಯಾಡ. ಕೈ ಇಳಸು."

"ನೀ ಸುಮ್ನ ಮಲಗು."

"ಇಳಸು ಅಂದೆ. ನಂಗ ಯಾರದೂ ಬ್ಯಾಡ." ಅವರು ತಮ್ಮ ತೋಳಿನ ಮಡಿಕೆ ಬಿಚ್ಚಿ ಗುಂಡಿ ಹಾಕಿಕೊಂಡರು. ಆಮೇಲೆ ನನ್ನನ್ನು ನೋಡಿ, "ನಡಿ, ಮನಿಗಿ ಹೋಗಾಮು. ಗುಳಗಿ ತಗೊಳೋ ಹೊತ್ತಾಯ್ತು" ಎಂದರು. ನಾನು ಅಷ್ಟೆಲ್ಲ ವಿಜ್ಞಾನ ಹೇಳಿದಾಗ ಏಳದ ಮನುಷ್ಯ.

ಬೀದರಿನ ಬಸ್ಸಿಗೆ ಮೂವರೂ ಹತ್ತಿದೆವು. ಮೈದುನ ಅಂಗಡಿ ನೋಡಲು ಹೋದವನು ಬರಲೇ ಇಲ್ಲ. ಗಂಡ ಮುಂದಿನ ಸೀಟಿನಲ್ಲಿ ಕಿಟಕಿಗೆ ಒರಗಿ ಕೂತರು, ನಾವಿಬ್ಬರೂ ಹಿಂದೆ. ನಾದಿನಿ ಕುಪ್ಪಸದ ತೋಳನ್ನು ಇನ್ನೂ ಇಳಿಸಿರಲಿಲ್ಲ. ನಾನೇ ಎಳೆದು ಸರಿ ಮಾಡಿದೆ. ಎಂದಿನ ಹಾಗೆ ಗಂಟಲು ಸರಿ ಮಾಡಿಕೊಂಡಳು. ಸೊಂಟದ ಮೇಲೆ ಹೊತ್ತು ಸಾಕಿದ ಕಥೆ ಶುರುವಾಗುತ್ತದೆ ಅಂದುಕೊಂಡೆ. ಆಗಲಿಲ್ಲ.

"ಖರೇ ಹೇಳು," ಎಂದು ಮೆಲ್ಲಗೆ ಕೇಳಿದಳು, ತಮ್ಮನಿಗೆ ಕೇಳಿಸದ ಹಾಗೆ. "ನಂದು ನಡೀತಿತ್ತೇನು?"

ಅವಳ ವಯಸ್ಸು, ಅವಳ ಸಕ್ಕರೆ, ಗೊತ್ತೇ ಇಲ್ಲದ ಅವಳ ಗ್ರೂಪು, ಯಾರ ರಕ್ತವೂ ಯಾಕೆ ನಡೆಯುತ್ತಿರಲಿಲ್ಲ ಎಂಬುದು, ಎಲ್ಲ ನಾಲಗೆಯ ತುದಿಗೆ ಬಂದಿತ್ತು.

"ನಡೀತಿತ್ರಿ ಅಕ್ಕಾ," ಎಂದೆ. "ಎಲ್ಲರಕಿಂತ ನಿಮ್ಮದೇ ಛಲೋ ಅದ."

ಅವಳು ಗಾಬರಿಯಿಂದ ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಹಂಗನಬ್ಯಾಡ," ಎಂದಳು. "ನಜರ್ ಆಗ್ತದ."

ಆ ಕೈಯ ಒಳಗಿನಿಂದಲೇ ನಾನು ಹೂಂ ಎಂದೆ.